ಗವಾಯಿಗಳ ಸಂಚಾರಿ ಪಾಠಶಾಲೆ

ವಿಜಯಪುರದ ಆಸುಪಾಸಿನಲ್ಲಿ, ತಿಕೋಟೆಯಲ್ಲಾಗಲಿ ಬಬಲೇಶ್ವರದಲ್ಲಾಗಲಿ, ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ ಹಚ್ಚುವುದು ರೂಢಿ. ಶಾಸ್ತ್ರಿಗಳು ಕಥೆ ಹೇಳುತ್ತಾರೆ. ಪಕ್ಕದಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಒಬ್ಬರು, ತಬಲಾ ಮುಂದಿಟ್ಟುಕೊಂಡು ಇನ್ನೊಬ್ಬರು ಕುಳಿತಿರುತ್ತಾರೆ. ಹಾಡುವವರನ್ನು ನಮ್ಮ ಜನ ಹೆಸರು ಹಿಡಿದು ಕರೆಯುವುದು ಅಪರೂಪ, "ಗವಾಯಿಗಳು" ಎನ್ನುತ್ತಾರೆ. ಆ ಗವಾಯಿಗಳಲ್ಲಿ ಅನೇಕರಿಗೆ ಕಣ್ಣಿಲ್ಲ. ಗವಾಯಿ ಎಂದರೆ ಹಾಡುವವನು, ಅಷ್ಟೇ. ಹಿಂದೂಸ್ತಾನಿ ಸಂಗೀತದೊಡನೆ ಬಂದ ಮಾತು ಅದು. ಆದರೆ ನಮ್ಮ ಸೀಮೆಯಲ್ಲಿ ಅದು ಗೌರವದ ಬಹುವಚನವನ್ನು ಪಡೆದುಕೊಂಡು ನಿಂತಿದೆ. "ಕುರುಡ" ಎಂಬ ಏಕವಚನದಿಂದ "ಗವಾಯಿಗಳು" ಎಂಬ ಬಹುವಚನಕ್ಕೆ ಬರಲು ನಮ್ಮ ಸಮಾಜ ಒಂದು ದಾರಿಯನ್ನು ನಡೆದಿದೆ. ಆ ದಾರಿಯನ್ನು ತುಳಿದು ತೋರಿಸಿದ ಒಂದು ಹಾಡುಗಾರರ ತಂಡದ ಚರಿತ್ರೆಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಇಂದು ಅದು ಬಾಗಲಕೋಟೆ ಜಿಲ್ಲೆ. 1997ರ ವಿಭಜನೆಯವರೆಗೆ ಅದೂ ನಮ್ಮ ಬಿಜಾಪುರ ಜಿಲ್ಲೆಯೇ ಆಗಿತ್ತು. ಮಠಗಳಿಗೆ ಯೋಗ್ಯ ಸ್ವಾಮಿಗಳನ್ನು ಸಿದ್ಧಪಡಿಸುವುದು ಆ ಸಂಸ್ಥೆಯ ಮುಖ್ಯ ಉದ್ದೇಶ. ಆದರೆ ಕುಮಾರಸ್ವಾಮಿಗಳ ದೃಷ್ಟಿ ಅಲ್ಲಿಗೇ ನಿಲ್ಲಲಿಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಅಂಧ ಬಾಲಕನ ಕಂಠವನ್ನು ಅವರು ಗುರುತಿಸಿದರು. ಅವನಿಗೆ ಸಂಗೀತ ಕಲಿಸುವ ಹೊಣೆಯನ್ನು ತಾವೇ ಹೊತ್ತರು. ಬಾಲಕ ಮೊದಲು ಕರ್ನಾಟಕ ಪದ್ಧತಿಯನ್ನೂ ಆಮೇಲೆ ಹಿಂದೂಸ್ತಾನಿ ಪದ್ಧತಿಯನ್ನೂ ಅಭ್ಯಾಸ ಮಾಡಿದ. ಹಿಂದೂಸ್ತಾನಿ ವಿದ್ಯೆಯನ್ನು ಧಾರೆಯೆರೆದವರಲ್ಲಿ ಉಸ್ತಾದ್ ವಾಹಿದ್ ಖಾನರೂ ಒಬ್ಬರು. ವೀರಶೈವ ಮಠದ ಶಿಷ್ಯನಿಗೆ ಮುಸಲ್ಮಾನ ಉಸ್ತಾದರ ಪಾಠ! ಸಂಗೀತದ ಮೇಲೆಯೇ ಕಿತಾಬ್-ಎ-ನವರಸ್ ಬರೆದ ಇಮ್ಮಡಿ ಇಬ್ರಾಹಿಂ ಆದಿಲಶಹನ ಊರಿನವರಾದ ನಮಗೆ ಇದರಲ್ಲಿ ಸೋಜಿಗವೇನೂ ಇರಬೇಕಾಗಿಲ್ಲ.

ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು. ತಾವು ಪಡೆದ ವಿದ್ಯೆಯನ್ನು ತಮ್ಮಂಥವರಿಗೇ ಕೊಡಬೇಕೆಂಬುದು ಅವರಿಗೆ ಗುರುವಿನ ಅಪ್ಪಣೆ. ಆ ಅಪ್ಪಣೆಯಿಂದ ಹುಟ್ಟಿದ ಪಾಠಶಾಲೆಗೆ ಬಹುಕಾಲ ಸ್ವಂತ ಕಟ್ಟಡವಿರಲಿಲ್ಲ. ಅದು ಸಂಚಾರಿ ಪಾಠಶಾಲೆ. ಗುರುಗಳು ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ಹೋಗುವರು; ಭಕ್ತರು ನೀಡಿದ ಕಾಣಿಕೆಯಲ್ಲಿ ಎಲ್ಲರ ಊಟ ನಡೆಯಬೇಕು; ಬಿಡಾರ ಬಿಟ್ಟಲ್ಲಿಯೇ ಪಾಠ. ಕಚೇರಿಯೇ ಅನ್ನ, ಕಚೇರಿಯೇ ಪರೀಕ್ಷೆ. ಅಂಧರು, ಅಂಗವಿಕಲರು, ತಂದೆತಾಯಿಗಳಿಲ್ಲದವರು, ಬಡವರು ಅಲ್ಲಿ ಸೇರಿದರು. ಗಮನಿಸಬೇಕಾದದ್ದೆಂದರೆ, ಕಣ್ಣುಳ್ಳ ಹುಡುಗರೂ ಸೇರಿದರು.

ಇದು ಸಣ್ಣ ಸಂಗತಿಯಲ್ಲ. ಲೋಕರೂಢಿಯಲ್ಲಿ ದಾನಕ್ಕೆ ಒಂದೇ ದಿಕ್ಕು: ಕಣ್ಣುಳ್ಳವನು ಕೊಡುವನು, ಕಣ್ಣಿಲ್ಲದವನು ಕೈಯೊಡ್ಡುವನು. ಪಂಚಾಕ್ಷರಿ ಗವಾಯಿಗಳ ಪಾಠಶಾಲೆಯಲ್ಲಿ ಆ ದಿಕ್ಕು ತಿರುವುಮುರುವಾಯಿತು. ಧಾರವಾಡ ಸೀಮೆಯ ಯಲಿವಾಳದಲ್ಲಿ 1917ರಲ್ಲಿ ಹುಟ್ಟಿದ ಬಸವರಾಜ ರಾಜಗುರು ಅವರಿಗೆ ಕಣ್ಣಿತ್ತು, ಇಲ್ಲದಿದ್ದದ್ದು ವಿದ್ಯೆ. ಅದನ್ನು ಕೊಟ್ಟವರು ಕಣ್ಣಿಲ್ಲದ ಗುರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆದಾಗ ರಾಜಗುರು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ಆರಂಭಿಸಿದ್ದು ಬಾಗೇಶ್ರೀ ರಾಗದಿಂದ. ತಬಲಾ ನುಡಿಸಲು ಕುಳಿತವರು ಸ್ವತಃ ಗುರುಗಳೇ! ಶಿಷ್ಯನನ್ನು ಮುಂದೆ ಕೂಡ್ರಿಸಿ, ತಾವು ಪಕ್ಕಕ್ಕೆ ಸರಿದು ಠೇಕಾ ಹಿಡಿದರು. ಕೊಡುವವನ ದೊಡ್ಡತನವೆಂದರೆ ಇದು.

ಇದೇ ಕಾಲಕ್ಕೆ ಸಮುದ್ರದಾಚೆ ಅಮೆರಿಕದಲ್ಲಿ ಇಂಥದೇ ಇನ್ನೊಂದು ಕಥೆ ನಡೆದಿತ್ತು. ಮಿಸಿಸಿಪಿ ಸಂಸ್ಥಾನದ ಪೈನಿ ವುಡ್ಸ್ ಎಂಬಲ್ಲಿ ಲಾರೆನ್ಸ್ ಜೋನ್ಸ್ ಎಂಬ ಕಪ್ಪು ಜನಾಂಗದ ಶಿಕ್ಷಕ ಬಡ ಮಕ್ಕಳಿಗಾಗಿ ಒಂದು ಶಾಲೆ ತೆರೆದಿದ್ದ. ಅದೂ 1909ರಲ್ಲಿಯೇ! ಅಲ್ಲಿ ಕಲಿಯುತ್ತಿದ್ದ ಅಂಧ ಹುಡುಗರು, ಆರ್ಚಿ ಬ್ರೌನ್‌ಲಿ ಮತ್ತು ಅವನ ಗೆಳೆಯರು, 1936ರ ಸುಮಾರಿಗೆ "ಕಾಟನ್ ಬ್ಲಾಸಮ್ ಸಿಂಗರ್ಸ್" ಎಂಬ ಹೆಸರಿನಲ್ಲಿ ಊರೂರು ಹಾಡಿ ಶಾಲೆಗೆ ಹಣ ಕೂಡಿಸತೊಡಗಿದರು. ಅವರು ಹಾಡುತ್ತಿದ್ದದ್ದು ಗಾಸ್ಪೆಲ್. ಚರ್ಚಿನಲ್ಲಿ ಹುಟ್ಟಿದ ಭಕ್ತಿಗೀತೆ, ನಮ್ಮ ಭಜನೆಯ ಹಾಗೆ ಹಾಡುವವನನ್ನೂ ಕೇಳುವವನನ್ನೂ ಒಂದೇ ಕುಣಿತಕ್ಕೆ ಎಳೆಯುವಂಥದು. ಮುಂದೆ ಅವರು ಶಾಲೆಯನ್ನು ಬಿಟ್ಟು ಹಾಡನ್ನೇ ವೃತ್ತಿಯಾಗಿ ಹಿಡಿದರು. ಅಲಬಾಮಾದ ಟಲ್ಲಡೀಗಾದಲ್ಲಿಯೂ ಅಂಧ ಬಾಲಕರ ಇಂಥದೇ ಒಂದು ತಂಡ ಹುಟ್ಟಿತ್ತು. 1948ರಲ್ಲಿ ನ್ಯೂವಾರ್ಕಿನ ಒಬ್ಬ ಕಾರ್ಯಕ್ರಮ ವ್ಯವಸ್ಥಾಪಕ ಎರಡೂ ತಂಡಗಳನ್ನು ಒಂದೇ ವೇದಿಕೆಗೆ ಕರೆಸಿ, ಅಂಧ ಹುಡುಗರ ಪಂದ್ಯವೆಂಬಂತೆ ಸಾರಿದ. ಜನ ಮುಗಿಬಿದ್ದರು. ಅಂದಿನಿಂದ ಎರಡೂ ತಂಡಗಳಿಗೆ "ಫೈವ್ ಬ್ಲೈಂಡ್ ಬಾಯ್ಸ್", ಐವರು ಅಂಧ ಹುಡುಗರು, ಎಂಬ ಹೆಸರು ಅಂಟಿಕೊಂಡಿತು. ಮಿಸಿಸಿಪಿಯ ತಂಡ 1950ರಲ್ಲಿ ಪೀಕಾಕ್ ಕಂಪನಿಗೆ ಕೊಟ್ಟ ಧ್ವನಿಮುದ್ರಿಕೆ ಬಹಳ ಜನಪ್ರಿಯವಾಯಿತು. ಕಪ್ಪು ಜನರಿಗೆ ಬೇರೆ ಊಟದ ಮನೆ, ಬೇರೆ ವಸತಿ ಎಂಬ ಕಾಲದಲ್ಲಿ ಅವರು ದೇಶವೆಲ್ಲ ಸುತ್ತಿದರು. ಬ್ರೌನ್‌ಲಿ 1960ರಲ್ಲಿ ಇನ್ನೂ ಚಿಕ್ಕ ಪ್ರಾಯದಲ್ಲಿಯೇ ತೀರಿಕೊಂಡ.

ಎರಡೂ ಕಡೆ ಹಾಡು ಶಾಲೆಯನ್ನು ಸಾಕಿತು. ಆದರೆ ಅಲ್ಲಿ ಹಾಡುಗಾರರ ಕುರುಡುತನವೇ ಭಿತ್ತಿಪತ್ರದ ಮೇಲಿನ ಹೆಸರಾಯಿತು. ವಯಸ್ಸಾದರೂ ಅವರು "ಹುಡುಗ"ರಾಗಿಯೇ ಉಳಿದರು. ಇಲ್ಲಿ ವಿದ್ಯೆ ಹೆಸರಾಯಿತು. ಇದರಿಂದ ನಾವು ಹೆಚ್ಚು, ಅವರು ಕಡಿಮೆ ಎನ್ನಲಾಗದು. ಅವರಿಗೆ ದಾಸೋಹದ ಮಠಗಳ ಆಸರೆ ಇರಲಿಲ್ಲ. ಟಿಕೀಟು ಮಾರಾಟವಾದರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮಲ್ಲಿಯೂ ಗವಾಯಿಗಳ ಹೆಸರು ಸುಲಭವಾಗಿ ಬಂದುದಲ್ಲ.

ಸಂಚಾರ ಮುಗಿದು ಪಾಠಶಾಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿದ ಸ್ವಲ್ಪ ಕಾಲದಲ್ಲಿಯೇ, 1944ರ ಜೂನ್ ತಿಂಗಳಲ್ಲಿ, ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಭಾರ ಬಿದ್ದದ್ದು ಮೂವತ್ತು ವರ್ಷದ ಶಿಷ್ಯ ಪುಟ್ಟರಾಜರ ಹೆಗಲ ಮೇಲೆ. ಹಾವೇರಿಯ ಹತ್ತಿರದ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅವರೂ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ಅವರು ನಾಟಕ ಮಂಡಳಿ ಕಟ್ಟಿದರು, ನಾಟಕ ಬರೆದರು, ಹಾಡು ಕೂಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದರು; ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂಡ್ರಿಸಿ ತುಲಾಭಾರ ಮಾಡಿದ್ದಕ್ಕೆ ಲೆಕ್ಕವಿಲ್ಲ. ಆ ನಾಣ್ಯವೆಲ್ಲ ಆಶ್ರಮದ ಅಡಿಗೆಮನೆಗೆ ಹೋಯಿತು. 2010ರಲ್ಲಿ ಪದ್ಮಭೂಷಣ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಅವರ ಬಳಿ ಹನ್ನೆರಡು ವರ್ಷ ಕಲಿತ ಪಂಡಿತ ವೆಂಕಟೇಶಕುಮಾರರು ಇಂದು ದೇಶದ ಅಗ್ರಗಣ್ಯ ಗಾಯಕರಲ್ಲೊಬ್ಬರು.

ರಾಜಗುರು, ವೆಂಕಟೇಶಕುಮಾರರ ಹೆಸರು ಎಲ್ಲರಿಗೂ ಗೊತ್ತು. 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಜೀವನ ಚಲನಚಿತ್ರವಾಗಿಯೂ ಬಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆದರೆ ಈ ಪರಂಪರೆಯ ನಿಜವಾದ ಬೆಳಸು ಕೀರ್ತಿವಂತರಲ್ಲಿ ಮಾತ್ರವಿಲ್ಲ. ಗದಗಿನಲ್ಲಿ ಕಲಿತು, ಒಂದು ಊರಿನ ಮಠದಲ್ಲಿಯೋ ಶಾಲೆಯಲ್ಲಿಯೋ ನೆಲೆನಿಂತು, ನಾಲ್ಕು ಮಕ್ಕಳಿಗೆ ಸ್ವರ ಹೇಳಿಕೊಟ್ಟು, ಶ್ರಾವಣದಲ್ಲಿ ಪುರಾಣಕ್ಕೆ ಹಾಡುವ ಹೆಸರಿಲ್ಲದ ಗವಾಯಿಗಳಲ್ಲಿದೆ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1923ರಿಂದ ಅಚ್ಚಿಗೆ ತಂದ ವಚನಗಳು ಓದು ಬಾರದವರ ಕಿವಿಗೆ ಮುಟ್ಟಿದ್ದು ಬಹುಮಟ್ಟಿಗೆ ಇಂಥವರ ಕಂಠದಿಂದ. ಅಕ್ಷರ ಬಲ್ಲವರು ಪುಸ್ತಕ ಕಾದರು. ಅಕ್ಷರವನ್ನು ಕಾಣಲಾರದವರು ಅದಕ್ಕೆ ದನಿ ಕೊಟ್ಟರು.

ಪುರಾಣ ಮಂಗಲವಾದ ದಿನ ನಾವು ಗವಾಯಿಗಳಿಗೆ ಶಾಲು ಹೊದಿಸಿ ಕಾಣಿಕೆ ಕೊಡುತ್ತೇವೆ. ಕೊಟ್ಟೆವೆಂದು ಮನಸ್ಸಿನಲ್ಲಿ ಹಿಗ್ಗುತ್ತೇವೆ ಕೂಡ. ಅದು ದಾನವಲ್ಲ, ಕಾಯಕಕ್ಕೆ ಸಲ್ಲಬೇಕಾದ ಕೂಲಿ; ಎಷ್ಟೋ ಸಲ ಕಡಿಮೆ ಬಿದ್ದ ಕೂಲಿ. ತಿಂಗಳಗಟ್ಟಲೆ ನಮ್ಮ ಕಿವಿಯನ್ನು ತುಂಬಿದವರು ಅವರು; ಪಡೆದವರು ನಾವು. ಹಂಪಿಯ ವೇದಿಕೆಯ ಮೇಲೆ ಆ ಅಂಧ ಗುರು ಪಕ್ಕಕ್ಕೆ ಸರಿದು ಕುಳಿತದ್ದು ಈ ಲೆಕ್ಕವನ್ನು ನಮಗೆ ತಿಳಿಸಲೆಂದೇ ಇರಬೇಕು.