ನೇಪಲ್ಸಿನ ಕಂಚಿನ ಪ್ರತಿಕೃತಿಗಳು

ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯನ್ನು ಕಾರಿದಾಗ ಪಾಂಪೇಯಿ, ಹರ್ಕ್ಯುಲೇನಿಯಮ್ ಎಂಬ ರೋಮನ್ ಪಟ್ಟಣಗಳು ಹೂತುಹೋದುವು. ಆ ವಿಪತ್ತೇ ಅಲ್ಲಿನ ಕಂಚಿನ ಪ್ರತಿಮೆಗಳಿಗೆ ರಕ್ಷೆಯಾಯಿತು. ನೆಲದ ಮೇಲೆ ನಿಂತಿದ್ದ ಪ್ರಾಚೀನ ಪ್ರತಿಮೆಗಳಲ್ಲಿ ಬಹುಪಾಲನ್ನು ಮುಂದಿನ ಜನರು ಲೋಹದ ಆಸೆಗಾಗಿ ಕರಗಿಸಿಬಿಟ್ಟರು, ಹೂತವು ಉಳಿದುವು.

1750ರಲ್ಲಿ ಹರ್ಕ್ಯುಲೇನಿಯಮಿನ ಭವ್ಯವಾದ ತೋಟದ ಮನೆಯೊಂದು ಪತ್ತೆಯಾಯಿತು. ಕಾರ್ಲ್ ವೇಬರ್ ಎಂಬ ಎಂಜಿನಿಯರನು ಸುರಂಗಗಳನ್ನು ಕೊರೆಯಿಸಿ ಅಲ್ಲಿಂದ ಅನೇಕ ಪ್ರತಿಮೆಗಳನ್ನು ಹೊರತೆಗೆಯಿಸಿದನು. ಬಂಡೆಯ ಮೇಲೆ ಕುಳಿತು ವಿಶ್ರಮಿಸುವ ಹರ್ಮೀಸ್ ದೇವತೆಯ ಪ್ರತಿಮೆಯು 1758ರಲ್ಲಿ ದೊರೆಯಿತು. 1830ರಲ್ಲಿ ಪಾಂಪೇಯಿಯಲ್ಲಿ ಸುಮಾರು 71 ಸೆಂಟಿಮೀಟರ್ ಎತ್ತರದ, ಕುಣಿಯುವ ವನದೇವತೆಯ ಪ್ರತಿಮೆ ಸಿಕ್ಕಿತು. ಇವು ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿವೆ.

ಇವನ್ನು ಕಂಡ ಯಾತ್ರಿಕರಿಗೆ ತಮ್ಮ ಮನೆಯಲ್ಲಿಯೂ ಇಂಥದೊಂದಿರಬೇಕೆಂಬ ಆಸೆ ಹುಟ್ಟಿದುದು ಸಹಜವೇ. 1870ರಲ್ಲಿ ಜೆನ್ನಾರೊ ಕಿಯುರಾಟ್ಸಿ ಎಂಬವನು ನೇಪಲ್ಸಿನಲ್ಲಿ ಎರಕದ ಕಾರ್ಖಾನೆಯನ್ನು ತೆರೆದನು. ಮೂಲಪ್ರತಿಮೆಯಿಂದ ಅಚ್ಚು ತೆಗೆದು, ಅದರಲ್ಲಿ ಮೇಣದ ಪ್ರತಿಮೆಯನ್ನು ಮಾಡಿ, ಅದಕ್ಕೆ ಹೊದಿಕೆಯನ್ನು ಕಟ್ಟಿ, ಮೇಣವನ್ನು ಕರಗಿಸಿ ಹರಿಯಬಿಟ್ಟು, ಆ ತೆರವಿನಲ್ಲಿ ಕಾದ ಕಂಚನ್ನು ಹೊಯ್ಯುವುದು ಇದರ ಕ್ರಮ. ಮೇಣದ ಎರಕವು ನಮಗೂ ಹಳೆಯ ವಿದ್ಯೆಯೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಇದನ್ನು ವಿವರಿಸಿದ್ದಾನೆ. ಎರಕವಾದ ಮೇಲೆ ಬಣ್ಣ: ಪಾಂಪೇಯಿಯ ರೀತಿಗೆ ಹಸುರು, ಹರ್ಕ್ಯುಲೇನಿಯಮಿನ ರೀತಿಗೆ ಕಪ್ಪು. ನೆಲವು ಶತಮಾನಗಳಲ್ಲಿ ತಂದ ಕಿಲುಬನ್ನು ಕುಶಲನು ರಾಸಾಯನಿಕಗಳಿಂದ ಬೇಗನೆ ತರಿಸುತ್ತಿದ್ದನು.

ಹಾಗಾದರೆ ಇದು ವಂಚನೆಯಲ್ಲವೆ? ಪ್ರತಿಯನ್ನು ಮೂಲವೆಂದು ಮಾರಿದರೆ ನಿಸ್ಸಂದೇಹವಾಗಿ ವಂಚನೆ. ಪ್ರತಿಯೆಂದೇ ಹೇಳಿಕೊಟ್ಟರೆ ಅದು ವಿದ್ಯೆ. ರೋಮನರ ಕಾಲದಲ್ಲಿಯೂ ಗ್ರೀಕರ ಪ್ರತಿಮೆಗಳಿಗೆ ಪ್ರತಿಗಳಾಗುತ್ತಿದ್ದುವು. ಪಾಲಿಕ್ಲೀಟಸನು ರಚಿಸಿದ ಕಂಚಿನ ಭರ್ಜಿಧಾರಿಯು ನಷ್ಟವಾಗಿದೆ. ಪ್ರತಿಗಳಿಂದಲೇ ನಾವು ಅವನನ್ನು ಬಲ್ಲೆವು. ಹರ್ಕ್ಯುಲೇನಿಯಮಿನ ಅದೇ ತೋಟದ ಮನೆಯಲ್ಲಿ ದೊರೆತ ಅವನ ಶಿರಃಪ್ರತಿಮೆಯ ಮೇಲೆ, ಅದನ್ನು ಮಾಡಿದವನು ಆರ್ಕಿಯಾಸನ ಮಗನಾದ ಅಥೆನ್ಸಿನ ಅಪೊಲೋನಿಯಸ್ ಎಂದು ಕೆತ್ತಿದೆ. ಪ್ರತಿಕಾರನು ತನ್ನ ಹೆಸರನ್ನು ಮರೆಮಾಚಲಿಲ್ಲ.

1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆ ತೋಟದ ಮನೆಯ ಮಾದರಿಯಲ್ಲಿಯೇ ಗೆಟ್ಟಿ ವಸ್ತುಸಂಗ್ರಹಾಲಯವು ತೆರೆಯಿತು. ಅದರ ಉದ್ಯಾನದಲ್ಲಿ ಕೊಳದ ಬಳಿ, ಕಂಬಸಾಲಿನ ಮುಂದೆ, ನೇಪಲ್ಸಿನ ಪ್ರತಿಕೃತಿಗಳು ಬಿಸಿಲಿನಲ್ಲಿ ನಿಂತಿವೆ. ಮೂಲಗಳಾದರೋ ಮಾಡಿನ ಕೆಳಗಿವೆ. ಪ್ರಾಚೀನ ರೋಮನನು ತನ್ನ ತೋಟದಲ್ಲಿ ಇವನ್ನು ಹೇಗೆ ನೋಡುತ್ತಿದ್ದನೆಂಬುದನ್ನು ಇಂದು ಮೂಲಕ್ಕಿಂತ ಪ್ರತಿಯೇ ಚೆನ್ನಾಗಿ ತಿಳಿಸುತ್ತದೆ.