ಹಂಗಳದ ಋಣ, ನಂಜನಗೂಡಿನ ಗುಂಡಿ: ಒಂದು ಹತ್ಯಾಕಥನದ ಮರುಓದು

ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಕೊಲೆಗಳ ಚರಿತ್ರೆ ಎಂದೊಡನೆ ಮಾತು ವೀರಪ್ಪನ್ ಕಾಲಕ್ಕೆ ಹೋಗಿ ನಿಲ್ಲುತ್ತದೆ. ಅದಕ್ಕೂ ಮೂರು ಶತಮಾನ ಹಿಂದಿನ ಇನ್ನೊಂದು ಹತ್ಯಾಕಥನದ ಬೇರು ಗುಂಡ್ಲುಪೇಟೆಗೆ ಹತ್ತಿರದ ಹಂಗಳದಲ್ಲಿದೆ. ಮೈಸೂರಿನ ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ ಚಿಕ್ಕದೇವರಾಜ ಅಲ್ಲಿ ನಿರ್ಬಂಧದಲ್ಲಿದ್ದ. ಅವನಿಗೆ ಒಡನಾಡಿಯಾಗಿದ್ದವನು ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತ. 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಪಂಡಿತನನ್ನು ಮಂತ್ರಿಯಾಗಿಸಿಕೊಂಡ.

ಮುಂದಿನದಕ್ಕೆ ಮುಖ್ಯ ಆಕರ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟಿಸಿದ ಮೈಸೂರು ಚರಿತ್ರೆ. ಕಂದಾಯದ ಹೊರೆಗೆ ರೊಚ್ಚಿಗೆದ್ದ ರೈತರು ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿದರು: ಉಳುಮೆ ನಿಂತಿತೆಂಬ ಸಾರಣೆ. ದಂಗೆಯ ಹಿಂದೆ ವೀರಶೈವ ಗುರುಗಳಾದ ಜಂಗಮರಿದ್ದಾರೆಂದು ಬಗೆದ ದೊರೆ ಅವರನ್ನು ನಂಜನಗೂಡಿಗೆ ಕರೆಸಿದ. ಒಬ್ಬೊಬ್ಬರಾಗಿ ದರ್ಶನ, ವಂದನೆ. ಬಳಿಕ ಊಟೋಪಚಾರವಿದೆಯೆಂದು ನಂಬಿ ಕನಾತಿನಾಚೆಗೆ ನಡೆದವರಿಗೆ ಕಾದಿದ್ದದ್ದು ಕತ್ತಿ ಮತ್ತು ಗುಂಡಿ. ಸತ್ತವರು 400ಕ್ಕೂ ಹೆಚ್ಚು, ಹಾಳಾದ ಮಠಗಳು 700ಕ್ಕೂ ಹೆಚ್ಚು ಎನ್ನುತ್ತಾನೆ ವಿಲ್ಕ್ಸ್. ಘಟನೆಗೂ ಬರಹಕ್ಕೂ ನಡುವೆ ನೂರಕ್ಕೆ ಮಿಕ್ಕ ವರ್ಷಗಳಿವೆ. ಈ ಅಂಕಿಗಳನ್ನು ಕಥನದ ಭಾಗವಾಗಿಯೇ ಓದುವುದು ಲೇಸು. ನೇಗಿಲಿನ ಮಾತು ಬೇರೆ. ಸುಮ್ಮನೆ ಕತೆ ಕಟ್ಟುವವನಿಗೆ ಅಂಥ ವಿವರ ಹೊಳೆಯುವುದು ಕಷ್ಟ.

ದುರ್ಮರಣಕ್ಕೀಡಾದವರು ದೆವ್ವವಾಗಿ ಮರಳುತ್ತಾರೆಂಬುದು ಜನಪದದಲ್ಲಿ ರೂಢವಾದ ನಂಬಿಕೆ. ಈ ಕಥನದಲ್ಲಿ ಮರಳಿದ್ದು ದೆವ್ವವಲ್ಲ, ಸೇಡು. ಅದೂ ದೊರೆಯನ್ನು ಮುಟ್ಟಲಿಲ್ಲ. 1686ರಲ್ಲಿ ಕೊಲೆಯಾದವನು ಪಂಡಿತ. ಹಂಗಳದ ಗೆಳೆತನದ ಋಣವನ್ನು ಅವನೇ ತೀರಿಸಿದಂತಾಯಿತು. ಸಾಯುವ ಮುನ್ನ ತನ್ನ ಸ್ಥಾನಕ್ಕೆ ತಿರುಮಲಾರ್ಯನನ್ನು ಸೂಚಿಸಿದನಂತೆ. ಇನ್ನು ದೊರೆಯ ಹೆಸರು ಗುಂಡ್ಲುಪೇಟೆಯಲ್ಲಿ ಉಳಿದಿರುವುದು ತಂದೆಯ ನೆನಪಿಗೆ ಅವನು ಕಟ್ಟಿಸಿದ ಪರವಾಸುದೇವ ದೇವಾಲಯದಿಂದ.

ಚಾಮರಾಜನಗರ ಪಟ್ಟಣಕ್ಕೆ ಅಂಟಿದ ಅಪವಾದ ಇದಕ್ಕೆ ತಿರುವುಮುರುವು. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮಾತಿಗೆ ದೇವರಾಜ ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಹೆಸರು ಪೋಣಿಸುತ್ತಾರೆ. 1997ರಲ್ಲಿ ಜೆ.ಎಚ್. ಪಟೇಲರು ಹೊಸ ಜಿಲ್ಲೆಯನ್ನು ಉದ್ಘಾಟಿಸಿದ್ದು ಪಟ್ಟಣದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಇಲ್ಲಿ ಕೊಲೆಯಿಲ್ಲ, ಹೆಣವಿಲ್ಲ, ಅಂಜಿಕೆಯೊಂದೇ ಇದೆ. ಇದು ಜಂಗಮರ ಶಾಪವೇ ಇರಬೇಕೆಂದು ಗಂಟುಹಾಕುವ ಆಸೆಯಾದೀತು, ಆಧಾರವಿಲ್ಲ. ಆದರೆ ಎರಡೂ ಕಥನಗಳ ಕಣ್ಣು ಪೀಠದ ಮೇಲೆಯೇ. ಸತ್ತ ಜಂಗಮರ ಹೆಸರುಗಳನ್ನು ವಿಲ್ಕ್ಸ್ ಕೊಡುವುದಿಲ್ಲ. ಕುರ್ಚಿ ಕಳೆದುಕೊಂಡವರ ಪಟ್ಟಿ ಮಾತ್ರ ಜನರಿಗೆ ಬಾಯಿಪಾಠ. ಸಿದ್ದರಾಮಯ್ಯ ಹಲವು ಸಲ ಬಂದುಹೋಗಿಯೂ 2013–18ರ ಅವಧಿ ಪೂರೈಸಿದ ಮೇಲೆ ಆ ಪಟ್ಟಿ ಬೆಳೆಸುವುದು ಕಷ್ಟವಾಗಿದೆ.