ಆಟದ ಕಳ್ಳರಿಗೆ ‘ಕರ್ನಲ್’ ಕಾವಲು: ಇದು ಹೇಗೆ ಕೆಲಸ ಮಾಡುತ್ತದೆ?

ಅಂತರಜಾಲದಲ್ಲಿ ಹಲವರು ಸೇರಿ ಆಡುವ ಗುಂಡು ಹಾರಿಸುವ ಆಟಗಳಲ್ಲಿ ಎರಡು ಬಗೆಯ ಮೋಸ ಹೆಚ್ಚು. ಮೊದಲನೆಯದು ‘ಏಮ್‌ಬಾಟ್’. ಇದರಲ್ಲಿ ಆಟಗಾರನ ಬದಲು ತಂತ್ರಾಂಶವೇ ಗುರಿ ಹಿಡಿಯುತ್ತದೆ. ಎರಡನೆಯದು ‘ವಾಲ್‌ಹ್ಯಾಕ್’. ಇದರಲ್ಲಿ ಗೋಡೆಯ ಮರೆಯ ಎದುರಾಳಿಯೂ ಕಾಣಿಸುತ್ತಾನೆ. ಆಟ ಓಡುವಾಗ ಎದುರಾಳಿ ಇರುವ ಜಾಗದ ಲೆಕ್ಕ ಕಂಪ್ಯೂಟರಿನ ಮೆಮೊರಿಯಲ್ಲಿರುತ್ತದೆ. ಮೋಸದ ತಂತ್ರಾಂಶ ಸಾಮಾನ್ಯವಾಗಿ ಅದನ್ನೇ ಕದ್ದು ಓದುತ್ತದೆ.

ಕರ್ನಲ್ ಎಂದರೇನು?

ವಿಂಡೋಸ್‌ನ ಒಳತಿರುಳೇ ಕರ್ನಲ್. ಮೆಮೊರಿ, ಡಿಸ್ಕ್, ಕೀಲಿಮಣೆ ಎಲ್ಲವೂ ಅದರ ಹತೋಟಿಯಲ್ಲಿವೆ. ಬ್ರೌಸರ್, ಆಟ ಮುಂತಾದವು ಜಗಲಿಯಲ್ಲಿ ಕುಳಿತ ಬಾಡಿಗೆದಾರರಂತೆ. ಏನು ಬೇಕಾದರೂ ಕರ್ನಲ್ಲನ್ನು ಕೇಳಿಯೇ ಪಡೆಯಬೇಕು. ವಾಲ್ವ್ ಕಂಪನಿ 2002ರಲ್ಲಿ ತಂದ ‘ವ್ಯಾಕ್’ ಈ ಜಗಲಿಯಲ್ಲೇ ಕುಳಿತು ಕಾಯುವ ಬಗೆಯದು. ಆದರೆ ಮೋಸದ ತಂತ್ರಾಂಶಗಳು ‘ಡ್ರೈವರ್’ ರೂಪದಲ್ಲಿ ಕರ್ನಲ್ಲಿಗೇ ಇಳಿದವು. ಒಳಗಿರುವವನು ಹೊರಗಿನವನ ಕಣ್ಣಿಗೆ ಮಣ್ಣೆರಚಬಲ್ಲ. ಚಾಪೆಯ ಕೆಳಗೆ ತೂರಿದವನ ಹಿಂದೆ ರಂಗೋಲಿಯ ಕೆಳಗೆ ತೂರುವಂತೆ ಕಾವಲುಗಾರರೂ ಕರ್ನಲ್ಲಿಗೆ ಇಳಿದರು. ಬ್ಯಾಟಲ್‌ಐ, ಈಸಿ ಆಂಟಿ-ಚೀಟ್, ರಯಟ್ ಗೇಮ್ಸ್‌ನ ವ್ಯಾನ್‌ಗಾರ್ಡ್ ಈ ಬಗೆಯವು.

ಪತ್ತೆ ಮಾಡುವ ಬಗೆ

2020ರಲ್ಲಿ ‘ವ್ಯಾಲರಂಟ್’ ಆಟದೊಂದಿಗೆ ಬಂದ ವ್ಯಾನ್‌ಗಾರ್ಡ್, ವಿಂಡೋಸ್ ಶುರುವಾಗುವಾಗಲೇ ತಾನೂ ಶುರುವಾಗುತ್ತಿತ್ತು. ಮೊದಲು ಬಂದು ಕುಳಿತರೆ ನಂತರ ಬರುವವರನ್ನೆಲ್ಲ ನೋಡಬಹುದು ಎಂಬುದು ಇದರ ಲೆಕ್ಕಾಚಾರ. ಇಂಥ ತಂತ್ರಾಂಶಗಳು ಮಾಡುವ ಮುಖ್ಯ ಕೆಲಸಗಳಿವು:

* ಯಾವ ಯಾವ ಡ್ರೈವರ್‌ಗಳು ಒಳಬಂದಿವೆ ಎಂದು ಹಾಜರಿ ತೆಗೆದುಕೊಳ್ಳುವುದು. ದೋಷವಿರುವ ಹಳೆಯ ಡ್ರೈವರ್‌ಗಳನ್ನೇ ಮೋಸಗಾರರು ಏಣಿ ಮಾಡಿಕೊಳ್ಳುವುದರಿಂದ ಅಂಥವನ್ನು ತಡೆಯುವುದು.
* ಬೇರೊಂದು ತಂತ್ರಾಂಶ ಆಟದ ಮೆಮೊರಿ ತೆರೆಯಲು ಅನುಮತಿ ಕೇಳಿದರೆ, ಓದುವ ಮತ್ತು ತಿದ್ದುವ ಹಕ್ಕನ್ನು ಕಿತ್ತುಕೊಳ್ಳುವುದು.
* ಈಗಾಗಲೇ ಪತ್ತೆಯಾದ ಮೋಸದ ತಂತ್ರಾಂಶಗಳ ಗುರುತನ್ನು ಮೆಮೊರಿಯಲ್ಲಿ ಹುಡುಕುವುದು. ಯಾವ ಫೈಲಿಗೂ ಸೇರದೆ ಓಡುತ್ತಿರುವ ಕೋಡ್ ಮೇಲೆ ಕಣ್ಣಿಡುವುದು.
* ಸಿಕ್ಕಿಬಿದ್ದವನ ಖಾತೆಯ ಜೊತೆಗೆ ಕಂಪ್ಯೂಟರಿನ ಬಿಡಿಭಾಗಗಳ ಗುರುತನ್ನೂ ನೆನಪಿಟ್ಟು, ಹೊಸ ಹೆಸರಿನಲ್ಲಿ ಮರಳಿದರೂ ತಡೆಯುವುದು.

ಇಷ್ಟಾದರೂ ಕಳ್ಳದಾರಿ ಉಳಿದಿದೆ. ಕಂಪ್ಯೂಟರಿಗೆ ವಿಶೇಷ ಕಾರ್ಡ್ ಸಿಕ್ಕಿಸಿ, ವಿಂಡೋಸ್ ಗಮನಕ್ಕೆ ಬಾರದಂತೆ ಮೆಮೊರಿಯನ್ನು ಎರಡನೇ ಕಂಪ್ಯೂಟರಿನಲ್ಲಿ ಓದುವವರಿದ್ದಾರೆ. ಆದ್ದರಿಂದ ವ್ಯಾಲರಂಟ್‌ನ ಸರ್ವರ್, ಎದುರಾಳಿ ಕಣ್ಣಿಗೆ ಬೀಳುವ ಹೊತ್ತು ಹತ್ತಿರವಾಗುವವರೆಗೆ ಅವನ ಜಾಗವನ್ನೇ ಕಳುಹಿಸುವುದಿಲ್ಲ. ಮನೆಗೆ ಬಾರದ ಮಾಲನ್ನು ಮನೆಯಲ್ಲಿ ಕದಿಯಲಾಗದು.

ಕಾವಲಿನ ಬೆಲೆ

ಕರ್ನಲ್ಲಿನಲ್ಲಿ ಕುಳಿತವನು ಆಟವಷ್ಟೇ ಅಲ್ಲದೆ ಇಡೀ ಕಂಪ್ಯೂಟರನ್ನು ನೋಡಬಲ್ಲ. ಅಮೆರಿಕದ ಇಎಸ್‌ಇಎ ಎಂಬ ಸಂಸ್ಥೆಯ ಮೋಸತಡೆ ತಂತ್ರಾಂಶದಲ್ಲಿ, ಆಟಗಾರರಿಗೆ ತಿಳಿಯದಂತೆ ಬಿಟ್‌ಕಾಯಿನ್ ಗಳಿಸುವ ಕೋಡ್ ಇದ್ದುದು 2013ರಲ್ಲಿ ಬಯಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನ್ಯೂಜೆರ್ಸಿ ರಾಜ್ಯದೊಂದಿಗೆ ಸಂಸ್ಥೆ 10 ಲಕ್ಷ ಡಾಲರಿನ ಒಪ್ಪಂದಕ್ಕೆ ಬರಬೇಕಾಯಿತು. 2022ರಲ್ಲಿ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದ ಮೋಸತಡೆ ಡ್ರೈವರನ್ನೇ ಬಳಸಿ, ಸುಲಿಗೆಕೋರರು ಆಂಟಿವೈರಸ್‌ಗಳನ್ನು ನಿಲ್ಲಿಸಿದ್ದು ವರದಿಯಾಯಿತು. ಕರ್ನಲ್ಲಿನಲ್ಲಿ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ ಆಟದಾಚೆಯ ಉದಾಹರಣೆಯೂ ಇದೆ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ದೋಷದಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು.

ಮನೆಯವರು ಗಮನಿಸಬೇಕಾದ್ದು

ಇದು ಮುಖ್ಯವಾಗಿ ವಿಂಡೋಸ್ ಕಂಪ್ಯೂಟರಿನ ಮಾತು. ಆಂಡ್ರಾಯ್ಡ್ ಫೋನಿನಲ್ಲಿ ನಾವು ಹಾಕಿಕೊಳ್ಳುವ ಆಟಗಳಿಗೆ ಕರ್ನಲ್ ಪ್ರವೇಶವಿಲ್ಲ. ಮಕ್ಕಳು ಆಡುವ ಕಂಪ್ಯೂಟರಿನಲ್ಲೇ ಬ್ಯಾಂಕ್ ವ್ಯವಹಾರ, ಪಹಣಿ, ಪರೀಕ್ಷೆಯ ಅರ್ಜಿ ನಡೆಯುತ್ತಿದ್ದರೆ ಯಾವ ಮೋಸತಡೆ ತಂತ್ರಾಂಶ ಸೇರಿದೆ ಎಂದು ಕೇಳಿ ತಿಳಿದುಕೊಳ್ಳಿ. ಆಟವನ್ನು ಅದರ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಲಿ. ವ್ಯಾಲರಂಟ್ ತೆಗೆದುಹಾಕುವಾಗ ಪಟ್ಟಿಯಲ್ಲಿ ಬೇರೆಯಾಗಿ ಕಾಣುವ ವ್ಯಾನ್‌ಗಾರ್ಡನ್ನೂ ತೆಗೆಯಬೇಕು. ‘ಪುಕ್ಕಟೆ ಏಮ್‌ಬಾಟ್’ ಎಂದು ಹಂಚುವ ಫೈಲುಗಳನ್ನಂತೂ ಮುಟ್ಟಲೇಬಾರದು. ಅವೂ ಅದೇ ಕರ್ನಲ್ಲಿನ ಬೀಗದ ಕೈ ಕೇಳುತ್ತವೆ, ಕೊಟ್ಟ ಮೇಲೆ ಅವು ಒಳಗೆ ಏನು ಮಾಡುತ್ತವೆ ಎಂಬುದಕ್ಕೆ ಜವಾಬು ಹೇಳುವವರು ಯಾರೂ ಇರುವುದಿಲ್ಲ.